‘ನೀಡ್ಸ್ ಟು ಕಾನ್ಸಂಟ್ರೇಟ್’ ಅಂತ ಬರೆದೂ ಬರೆದೂ ಸಾಕಾಗಿದೆ, ಬೇರೆ ಇಂಗ್ಲಿಷ್ ಪದ ಹೇಳಿ

ಮಲೆನಾಡ ಮೇಡಂ (ಶನಿವಾರ ಬೆಳಿಗ್ಗೆ)
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ಟೀಚರ್. ಕ್ಲಾಸಿನಲ್ಲಿ 36 ಮಕ್ಕಳು. ಮಂಗಳವಾರ ಮಾರ್ಕ್ಸ್ ಕಾರ್ಡ್ ಕೊಡಬೇಕು. ಕೊನೆಯಲ್ಲಿ ‘ರಿಮಾರ್ಕ್ಸ್’ ಅಂತ ಒಂದು ಖಾನೆ ಇರುತ್ತದಲ್ಲ, ಅದನ್ನು ನಿನ್ನೆ ರಾತ್ರಿ ತುಂಬಿಸಿ ಮುಗಿಸಿದೆ. ಮಲಗುವ ಮುಂಚೆ ಒಮ್ಮೆ ತಿರುವಿ ನೋಡಿದರೆ 19 ಕಾರ್ಡಿನಲ್ಲಿ ‘ನೀಡ್ಸ್ ಟು ಕಾನ್ಸಂಟ್ರೇಟ್’ ಅಂತಲೇ ಇದೆ! ಪುಣ್ಯಕ್ಕೆ ಪೆನ್ಸಿಲ್ಲಿನಲ್ಲಿ ಬರೆದಿದ್ದೆ.

ಈ 19 ಮಕ್ಕಳೂ ಒಂದೇ ಥರ ಇಲ್ಲ. ಮೂರು ಜನರನ್ನು ಹೇಳುತ್ತೇನೆ.

ಒಬ್ಬಳು ಹುಡುಗಿ. ಕೈಕಟ್ಟಿ ಕೂತು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ. ಗಲಾಟೆ ಇಲ್ಲ, ಮಾತಿಲ್ಲ. ಪ್ರಶ್ನೆ ಕೇಳಿದರೆ ಮಾತ್ರ ‘ಆಂ?’ ಅನ್ನುತ್ತಾಳೆ. ಏನೂ ಒಳಗೆ ಹೋಗಿರುವುದಿಲ್ಲ.

ಇನ್ನೊಬ್ಬ ಹುಡುಗ. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಚಿತ್ರ ಬರೆಯುತ್ತಾನೆ. ಜೆಸಿಬಿ, ಅಡಿಕೆ ಮರ, ಮತ್ತೆ ಜೆಸಿಬಿ. ಮೂರು ಸಲ ಕರೆದರೂ ಕೇಳುವುದಿಲ್ಲ. ಊಟದ ಬೆಲ್ ಹೊಡೆದದ್ದೂ ಗೊತ್ತಾಗುವುದಿಲ್ಲ.

ಮೂರನೆಯವನಿಗೆ ಎಲ್ಲವೂ ಗೊತ್ತಾಗುತ್ತದೆ. ಫ್ಯಾನಿನ ಮೂರು ರೆಕ್ಕೆಯಲ್ಲಿ ಒಂದಕ್ಕೆ ಮಾತ್ರ ಧೂಳು ಹಿಡಿದಿದೆ ಅನ್ನುವುದು, ನಾನು ವಾಚಿನ ಬೆಲ್ಟ್ ಬದಲಾಯಿಸಿದ್ದು, ಪಕ್ಕದ ಕ್ಲಾಸಿನ ಸರ್ ಇವತ್ತು ತಡವಾಗಿ ಬಂದದ್ದು. ಪಾಠ ಒಂದು ಬಿಟ್ಟು.

ಇವರಿಗೆ ಒಂದೇ ಪದ ಬರೆದರೆ ಅನ್ಯಾಯ ಅಲ್ವಾ? ಇಂಗ್ಲಿಷಿನಲ್ಲಿ ಇದಕ್ಕೆ ಬೇಕಾದಷ್ಟು ಪದಗಳಿವೆ ಅಂತ ಗೊತ್ತು. ಯಾವುದು ಯಾರಿಗೆ ಅನ್ನುವುದೇ ಗೊಂದಲ.

ಬೆಂಚಿನ ಮೇಲಿನ ಬೆಂಗಳೂರಿಗ
ನಮ್ಮ ಆಫೀಸಿನ ಅಪ್ರೈಸಲ್ ಫಾರ್ಮಿನಲ್ಲಿ ಎಲ್ಲರೂ ‘ಲೇಸರ್ ಫೋಕಸ್ಡ್’. ನಾಲ್ಕು ತಿಂಗಳಿಂದ ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲೆ ಕೂತಿರುವ ನಾನೂ ಲೇಸರ್ ಫೋಕಸ್ಡ್. ಯಾವುದರ ಮೇಲೆ ಅಂತ ಯಾರೂ ಕೇಳಿಲ್ಲ. 19 ಕಾರ್ಡಿಗೂ ಅದನ್ನೇ ಹಾಕಿ ಮೇಡಂ, ಪೇರೆಂಟ್ಸ್ ಖುಷಿಯಾಗುತ್ತಾರೆ.

ಪದಕೋಶದ ಹುಳು
ಬೆಂಚಿನವರು ತಮಾಷೆಗೆ ಹೇಳಿದರೂ ಒಳ್ಳೆ ಪ್ರಶ್ನೆ ಎತ್ತಿದ್ದಾರೆ. ‘ಫೋಕಸ್’ಗೆ ಒಂದು ಜಾಗ ಬೇಕು. ಅದು ಲ್ಯಾಟಿನ್ ಪದ, ಮೂಲದಲ್ಲಿ ಅರ್ಥ ಒಲೆ. ಮನೆ ನಡುವಿನ ಬೆಂಕಿಗೂಡು. 1604ರಲ್ಲಿ ಕೆಪ್ಲರ್ ಬೆಳಕಿನ ಬಗ್ಗೆ ಬರೆಯುವಾಗ ಕಿರಣಗಳು ಬಂದು ಸೇರುವ ಬಿಂದುವಿಗೆ ಈ ಹೆಸರಿಟ್ಟ. ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟವರಿಗೆ ಒಲೆಯ ಹೆಸರು ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ.

‘ಕಾನ್ಸಂಟ್ರೇಟ್’ ಅಂದರೆ ಚದುರಿದ್ದನ್ನು ನಡುವಿಗೆ ತರುವುದು. ಅದರೊಳಗಿನ ‘ಸೆಂಟರ್’ ಗ್ರೀಕರ ‘ಕೆಂಟ್ರಾನ್’, ಅಂದರೆ ಚೂಪು ಮೊನೆ. ಅದೇ ಗ್ರೀಕ್ ಪದ ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು ‘ಕೇಂದ್ರ’ ಆಯಿತು. ಹಾಗಾಗಿ ‘ಗಮನ ಕೇಂದ್ರೀಕರಿಸು’ ಅಂತ ನಾವು ಹೇಳುವಾಗ ಅರ್ಧ ಇಂಗ್ಲಿಷಿನವರ ಅಣ್ಣತಮ್ಮಂದಿರೇ.

‘ಅಟೆನ್ಷನ್’ ಬೇರೆ. ಅದು ಚಾಚುವುದು. ಲ್ಯಾಟಿನ್ನಿನಲ್ಲಿ ‘ಕಡೆಗೆ ಎಳೆದು ಚಾಚು’ ಅನ್ನುವ ಕ್ರಿಯಾಪದದಿಂದ ಬಂದದ್ದು. ನಮ್ಮ ‘ಗಮನ’ ಹೋಗುವುದು, ಬಸ್ ನಿಲ್ದಾಣದ ಬೋರ್ಡಿನಲ್ಲಿ ಆಗಮನ, ನಿರ್ಗಮನ ಅಂತ ಇರುತ್ತದಲ್ಲ, ಅದೇ ಗಮನ. ಅವರು ಕೂತಲ್ಲೇ ಕತ್ತು ಚಾಚುತ್ತಾರೆ, ನಾವು ಎದ್ದೇ ಹೋಗುತ್ತೇವೆ.

ನಿಮ್ಮ ಮೂರನೆಯ ಹುಡುಗನಿಗೆ ಅಟೆನ್ಷನ್ ಧಾರಾಳವಾಗಿದೆ. ಕಾನ್ಸಂಟ್ರೇಷನ್ ಇಲ್ಲ. ಎರಡನೆಯವನಿಗೆ ತಿರುವುಮುರುವು.

ಧಾರವಾಡ ಫೇಡೆ
ನಮ್ಮ ಕಡೆ ‘ಗಮನ’ ಅನ್ನುವುದಕ್ಕಿಂತ ‘ಲಕ್ಷ್ಯ’ ಜಾಸ್ತಿ. ‘ಲಕ್ಷ್ಯ ಕೊಟ್ಟು ಕೇಳ್ರಿ’ ಅಂದರೆ ಮುಗಿಯಿತು. ಲಕ್ಷ್ಯ ಅಂದರೆ ಗುರಿ. ದ್ರೋಣರು ಕೇಳಿದಾಗ ಅರ್ಜುನನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯಷ್ಟೇ ಕಂಡಿತಲ್ಲ, ಆ ಲಕ್ಷ್ಯ. ಗುರಿ ಅನ್ನುವ ಪದವನ್ನೇ ಗಮನಕ್ಕೂ ಇಟ್ಟುಕೊಂಡಿದ್ದೇವೆ. ಗುರಿಯೇ ಇಲ್ಲದಿದ್ದರೆ ಅಲಕ್ಷ್ಯ. ಮೇಡಂ ಅವರ ಮೂರನೆಯ ಹುಡುಗ ಆ ಪರೀಕ್ಷೆಯಲ್ಲಿ ಫೇಲಾಗುತ್ತಿದ್ದ ಅನ್ನಿ, ಅವನಿಗೆ ಹಕ್ಕಿ, ಕೊಂಬೆ, ದ್ರೋಣರ ಗಡ್ಡದ ಮೇಲಿನ ನೊಣ ಎಲ್ಲ ಕಾಣುತ್ತಿತ್ತು.

ಹಳೇ ಲೋಕೋ ಪೈಲಟ್
ಆ ಹುಡುಗನನ್ನು ನಮ್ಮ ಕೆಲಸಕ್ಕೆ ಕಳಿಸಿ. ರೈಲು ಓಡಿಸುವವನಿಗೆ ಕೊಂಬೆಯೂ ಕಾಣಬೇಕು, ಹಕ್ಕಿಯೂ ಕಾಣಬೇಕು.

ನಾನು ಹುಬ್ಬಳ್ಳಿಯಲ್ಲಿ ರಿಟೈರಾದವನು. ಪದಕೋಶದ ಬಗ್ಗೆ ಗೊತ್ತಿಲ್ಲ, ಆದರೆ ಈ ಪದಗಳ ಜೊತೆ ಸಂಸಾರ ಮಾಡಿದ್ದೇನೆ. ನಮ್ಮ ಸಿಗ್ನಲ್ಲಿನಲ್ಲಿ ನಾಲ್ಕು ಬಣ್ಣದ ಸೂಚನೆ. ಕೆಂಪು ‘ಸ್ಟಾಪ್’. ಒಂದು ಹಳದಿ ‘ಕಾಷನ್’. ಎರಡು ಹಳದಿ ‘ಅಟೆನ್ಷನ್’. ಹಸಿರು ‘ಪ್ರೊಸೀಡ್’. ಎರಡು ಹಳದಿ ಅಂದರೆ ಒಂದಕ್ಕಿಂತ ಜಾಸ್ತಿ ಅಪಾಯ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಉಲ್ಟಾ. ಅಟೆನ್ಷನ್ ಬಂದರೆ ಮುಂದಿನ ಸಿಗ್ನಲ್ ದಾಟುವಾಗ ವೇಗ ಇಳಿಸಬೇಕಾದೀತು, ತಯಾರಿರು ಅಂತ. ಕಾಷನ್ ಬಂದರೆ ಮುಂದಿನ ಸಿಗ್ನಲ್ಲಿನಲ್ಲಿ ನಿಲ್ಲಲು ತಯಾರಿರು ಅಂತ. ಅಂದರೆ ಅಟೆನ್ಷನ್ ಇನ್ನೂ ಮೆತ್ತಗಿನ ಮಾತು.

ಇನ್ನೊಂದು ಇದೆ, ‘ವಿಜಿಲೆನ್ಸ್’. ಇಂಜಿನ್ನಿನಲ್ಲಿ ಒಂದು ವಿಜಿಲೆನ್ಸ್ ಸಾಧನ ಇರುತ್ತದೆ. ಸುಮಾರು ಒಂದು ನಿಮಿಷ ನಾವು ಏನೂ ಮಾಡದೆ ಸುಮ್ಮನೆ ಕೂತರೆ ಲೈಟ್ ಮಿನುಗುತ್ತದೆ. ಬಟನ್ ಒತ್ತದಿದ್ದರೆ ಬಜರ್. ಅದಕ್ಕೂ ಒತ್ತದಿದ್ದರೆ ತಾನೇ ಬ್ರೇಕ್ ಹಾಕಿಬಿಡುತ್ತದೆ. ಅದಕ್ಕೆ ನೀವು ಕಾನ್ಸಂಟ್ರೇಟ್ ಮಾಡುತ್ತಿದ್ದೀರಾ ಇಲ್ಲವಾ ಅನ್ನುವುದು ಬೇಕಿಲ್ಲ. ಎಚ್ಚರ ಇದ್ದೀರಾ ಅನ್ನುವುದಷ್ಟೇ ಬೇಕು. ಕಾನ್ಸಂಟ್ರೇಷನ್ ನೋಡಿಕೊಳ್ಳಲು ಪಕ್ಕದಲ್ಲಿ ಅಸಿಸ್ಟಂಟ್ ಇರುತ್ತಾನೆ. ಇಬ್ಬರೂ ಸಿಗ್ನಲ್ ನೋಡಿ ಕೈ ತೋರಿಸಿ ಜೋರಾಗಿ ಕೂಗಿ ಹೇಳಬೇಕು. ರಿಟೈರಾದ ಹೊಸತರಲ್ಲಿ ಸ್ಕೂಟರಿನ ಹಿಂದೆ ಕೂತು ಸಿಗ್ನಲ್ ಕಂಡಾಗಲೆಲ್ಲ ಕೈ ತೋರಿಸಿ ಕೂಗುತ್ತಿದ್ದೆ, ಮಗ ಬೈಯುತ್ತಿದ್ದ.

ಪದಕೋಶದ ಹುಳು
ಯಜಮಾನ್ರೇ, ‘ವಿಜಿಲೆಂಟ್’ ಅಂದರೆ ನೇರ ಅರ್ಥವೇ ನಿದ್ದೆ ಬಿಟ್ಟು ಎದ್ದಿರುವವನು. ನಮ್ಮ ‘ಎಚ್ಚರ’ಕ್ಕೂ ಅದೇ ಎರಡು ಮುಖ. ನಿದ್ದೆಯಿಂದ ಎಚ್ಚರ ಆಯಿತು, ರಸ್ತೆಯಲ್ಲಿ ಎಚ್ಚರ. ‘ಅಲರ್ಟ್’ ಇಟಲಿಯ ಸೈನಿಕರ ಕೂಗು, ‘ಎತ್ತರದ ಕಾವಲಿನ ಜಾಗಕ್ಕೆ’ ಅಂತ.

ಕಾವಲಿನ ಕಷ್ಟವನ್ನು ಅಳೆದೂ ನೋಡಿದ್ದಾರೆ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ನೋಡುವವರು ಶತ್ರುವಿನ ಚುಕ್ಕೆಯನ್ನು ಯಾಕೆ ತಪ್ಪಿಸಿಕೊಳ್ಳುತ್ತಾರೆ ಅಂತ ಬ್ರಿಟನ್ನಿನಲ್ಲಿ ಮ್ಯಾಕ್‌ವರ್ತ್ ಅನ್ನುವವರು ಪರೀಕ್ಷೆ ಮಾಡಿದರು. ಗಡಿಯಾರದಂಥ ಮುಳ್ಳು, ಒಂದೊಂದೇ ಹೆಜ್ಜೆ ಜಿಗಿಯುತ್ತದೆ, ಯಾವಾಗಲೋ ಒಮ್ಮೆ ಎರಡು ಹೆಜ್ಜೆ. ಆಗ ಗುಂಡಿ ಒತ್ತಬೇಕು. ಎರಡು ಗಂಟೆ ಕೂರಿಸಿದರು. ಮೊದಲ ಅರ್ಧ ಗಂಟೆ ಕಳೆಯುವಷ್ಟರಲ್ಲೇ ತಪ್ಪು ಜಾಸ್ತಿಯಾಗುತ್ತಿತ್ತು. 1948ರಲ್ಲಿ ಅದನ್ನು ಪ್ರಕಟಿಸಿದರು. ನಾವು ಒಂಬತ್ತು ವರ್ಷದ ಮಗುವಿಗೆ 40 ನಿಮಿಷದ ಪೀರಿಯಡ್ ಇಟ್ಟಿದ್ದೇವೆ.

ಲೀಡ್ಸಿನ ನರ್ಸಕ್ಕ
ಅಲರ್ಟ್ ಅನ್ನುವ ಪದ ನೋಡಿ ನಗು ಬಂತು. ನಾನು ಮಂಗಳೂರಿನವಳು, ಈಗ ಇಂಗ್ಲೆಂಡಿನ ಲೀಡ್ಸಿನಲ್ಲಿ ವಾರ್ಡ್ ನರ್ಸ್. ಇಲ್ಲಿ ರೋಗಿಯ ಪ್ರಜ್ಞೆ ಅಳೆಯುವ ಕೋಷ್ಟಕ ಇದೆ. ಮೊದಲನೇ ಅಕ್ಷರ ‘ಎ’, ಅಲರ್ಟ್. ಆಮೇಲೆ ಹೊಸದಾಗಿ ಗಲಿಬಿಲಿ ಇದೆಯಾ, ಕರೆದರೆ ಓಗೊಡುತ್ತಾರಾ, ನೋವಿಗೆ ಅಲುಗುತ್ತಾರಾ, ಯಾವುದಕ್ಕೂ ಇಲ್ಲವಾ ಅಂತ ಕೆಳಗಿಳಿಯುತ್ತದೆ. ನಮ್ಮ ಚಾರ್ಟಿನಲ್ಲಿ ಅಲರ್ಟ್ ಅಂದರೆ ಶಹಭಾಸ್ ಅಲ್ಲ. ಕಣ್ಣು ಬಿಟ್ಟಿದ್ದಾರೆ, ಮಾತಾಡಿದರೆ ಸರಿಯಾಗಿ ಉತ್ತರ ಬರುತ್ತದೆ, ಅಷ್ಟೇ. ಅದೇ ಪದವನ್ನು ಶಾಲೆಯ ಕಾರ್ಡಿನಲ್ಲಿ ಬರೆದರೆ ಹೊಗಳಿಕೆ.

ನಮ್ಮ ‘ಹುಷಾರು’ ಥರ ನೋಡಿ. ‘ಹುಡುಗ ಹುಷಾರು’ ಅಂದರೆ ಚುರುಕು, ‘ಹುಷಾರಾಗಿ ಹೋಗು’ ಅಂದರೆ ಎಚ್ಚರ, ‘ಮೈ ಹುಷಾರಿಲ್ಲ’ ಅಂದರೆ ಜ್ವರ.

ಮೇಡಂ, ಒಂದು ಬೇರೆ ಮಾತು. ಆ ಮೊದಲನೆಯ ಹುಡುಗಿ. ಸುಮ್ನೆ ಮುಖ ನೋಡುತ್ತಾಳೆ, ಕೇಳಿದರೆ ‘ಆಂ?’ ಅನ್ನುತ್ತಾಳೆ ಅಂದಿರಲ್ಲ. ಅವಳಿಗೆ ಶೀತ, ಕಿವಿನೋವು ಪದೇ ಪದೇ ಬರುತ್ತದಾ? ಮಕ್ಕಳಿಗೆ ಕಿವಿಯ ತಮಟೆಯ ಹಿಂದೆ ನೀರು ಕಟ್ಟಿಕೊಂಡು ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮಂದವಾಗಿ ಕೇಳಿಸುವುದು ತುಂಬ ಸಾಮಾನ್ಯ. ಇಲ್ಲಿ ಅದನ್ನು ‘ಗ್ಲೂ ಇಯರ್’ ಅನ್ನುತ್ತಾರೆ. ಮಗು ಬಾಯಿ ನೋಡಿ ಅರ್ಥ ಮಾಡಿಕೊಳ್ಳಲು ಮುಖವನ್ನೇ ನೋಡುತ್ತದೆ. ಪದ ಹುಡುಕುವ ಮುಂಚೆ ಒಮ್ಮೆ ಕಿವಿ ತೋರಿಸಲು ಹೇಳಿ.

ಮಲೆನಾಡ ಮೇಡಂ
ಅಕ್ಕಾ, ಎದೆ ಧಸಕ್ ಅಂತು. ಇಡೀ ಮಳೆಗಾಲ ಅವಳಿಗೆ ಮೂಗು ಸೋರುತ್ತಲೇ ಇತ್ತು. ನಾಳೆಯೇ ಅವಳ ತಾಯಿಗೆ ಫೋನ್ ಮಾಡುತ್ತೇನೆ. ಅವಳ ಕಾರ್ಡಿನ ಸಾಲು ಈಗಲೇ ಅಳಿಸಿದೆ.

ಸಿಟ್ಟಿನ ಸೀನ
ನೀವೆಲ್ಲ ಗ್ರೀಕ್ ಲ್ಯಾಟಿನ್ ಅಂತ ಮಾತಾಡುತ್ತಿದ್ದೀರಿ. ತೀರ್ಥಹಳ್ಳಿಯ ಮಗುವಿನ ತಂದೆತಾಯಿಗೆ ಇಂಗ್ಲಿಷಿನಲ್ಲಿ ಯಾಕೆ ಬರೆಯಬೇಕು? ‘ಮನಸ್ಸಿಟ್ಟು ಓದುವುದಿಲ್ಲ’ ಅಂತ ಬರೆಯಿರಿ, ಅಜ್ಜಿಗೂ ಅರ್ಥವಾಗುತ್ತದೆ.

ಮಲೆನಾಡ ಮೇಡಂ
ಸೀನ ಅವರೇ, ಒಪ್ಪುತ್ತೇನೆ. ಆದರೆ ಕಾರ್ಡ್ ಇಂಗ್ಲಿಷಿನಲ್ಲೇ ಇರಬೇಕು ಅಂತ ನಮ್ಮಲ್ಲಿ ನಿಯಮ. ಪೇರೆಂಟ್ಸ್ ಬಂದಾಗ ಬಾಯಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ತಮಾಷೆ ಅಂದರೆ, ಕನ್ನಡದಲ್ಲಿ ಹೇಳುವಾಗ ನಾನು ಒಬ್ಬೊಬ್ಬರ ಬಗ್ಗೆ ಒಂದೊಂದು ಥರ ಹೇಳುತ್ತೇನೆ. ‘ಇವನು ಚಿತ್ರಕ್ಕೆ ಕೂತರೆ ಮೈಮರೆಯುತ್ತಾನೆ’, ‘ಇವಳ ಮೈ ಇಲ್ಲಿ, ಮನಸ್ಸು ಎಲ್ಲೋ’, ‘ಇವನಿಗೆ ಮೈಯೆಲ್ಲ ಕಣ್ಣು’. ಪೆನ್ ಹಿಡಿದು ಇಂಗ್ಲಿಷಿಗೆ ಬಂದ ಕೂಡಲೇ ಎಲ್ಲರೂ ‘ನೀಡ್ಸ್ ಟು ಕಾನ್ಸಂಟ್ರೇಟ್’ ಆಗಿಬಿಡುತ್ತಾರೆ.

ಹಾಸನದ ಇಂಗ್ಲಿಷ್ ಮೇಷ್ಟ್ರು
ಮೇಡಂ ಈಗ ಹೇಳಿದ್ದರಲ್ಲೇ ದಾರಿ ಇದೆ. ಮೊದಲು ಕನ್ನಡದ ಸಾಲು ಇಟ್ಟುಕೊಳ್ಳಿ, ಆಮೇಲೆ ಅದರ ವಿಭಕ್ತಿ ನೋಡಿ. ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ನಾನು ಹೀಗೇ ಹೇಳಿಕೊಟ್ಟಿದ್ದೇನೆ.

ಕನ್ನಡದಲ್ಲಿ ‘ಮೇಲೆ’ ಬಂದರೆ ಇಂಗ್ಲಿಷಿನಲ್ಲಿ ‘ಆನ್’. ಲೆಕ್ಕದ ಮೇಲೆ ಗಮನ ಇಡು: ‘ಕಾನ್ಸಂಟ್ರೇಟ್ ಆನ್’, ‘ಫೋಕಸ್ ಆನ್’, ‘ಇಂಟೆಂಟ್ ಆನ್’. ಇಲ್ಲೆಲ್ಲ ಒಬ್ಬ ಮನುಷ್ಯ ಬೆವರು ಸುರಿಸುತ್ತಿದ್ದಾನೆ. ಹಿಡಿದು ಕೂರಿಸುವ ಕೆಲಸ ನಡೆಯುತ್ತಿದೆ.

ಕನ್ನಡದಲ್ಲಿ ‘ಅಲ್ಲಿ’ ಬಂದರೆ ‘ಇನ್’. ಚಿತ್ರದಲ್ಲಿ ಮುಳುಗಿದ್ದಾನೆ: ‘ಅಬ್ಸಾರ್ಬ್ಡ್ ಇನ್’, ‘ಇಮ್ಮರ್ಸ್ಡ್ ಇನ್’, ‘ಎನ್‌ಗ್ರೋಸ್ಡ್ ಇನ್’, ‘ಲಾಸ್ಟ್ ಇನ್’. ಇಲ್ಲಿ ಬೆವರು ಇಲ್ಲ. ಕಷ್ಟಪಡುವವನೇ ಕಾಣೆಯಾಗಿದ್ದಾನೆ. ನಮ್ಮ ಮಗ್ನ, ತಲ್ಲೀನ, ತನ್ಮಯ ಎಲ್ಲ ಈ ಗುಂಪು.

ಕನ್ನಡದಲ್ಲಿ ‘ಗೆ’ ಅಥವಾ ‘ಕಡೆಗೆ’ ಬಂದರೆ ‘ಟು’. ಮಾತಿಗೆ ಕಿವಿಗೊಡು: ‘ಅಟೆಂಟಿವ್ ಟು’, ‘ಲಿಸನ್ ಟು’, ‘ಅಲರ್ಟ್ ಟು’. ಹೊರಗಿನಿಂದ ಏನೋ ಬರುತ್ತಿದೆ, ಬಾಗಿಲು ತೆರೆದಿದೆ.

ಎಲ್ಲ ಕಡೆ ಈ ಲೆಕ್ಕ ಕೂಡಿಬರುವುದಿಲ್ಲ. ‘ಮೈಂಡ್‌ಫುಲ್’ ಬಂದರೆ ‘ಆಫ್’, ‘ಪ್ರೀಆಕ್ಯುಪೈಡ್’ ಬಂದರೆ ‘ವಿತ್’. ಆದರೂ ಹತ್ತರಲ್ಲಿ ಎಂಟು ಸಲ ಕೈ ಹಿಡಿಯುತ್ತದೆ. ನಮ್ಮ ಹುಡುಗರು ‘ಗಿವ್ ಕಾನ್ಸಂಟ್ರೇಷನ್ ಟು ಸ್ಟಡೀಸ್’ ಅಂತ ಬರೆಯುತ್ತಾರಲ್ಲ, ಅದು ‘ಓದಿಗೆ ಗಮನ ಕೊಡು’ ಅನ್ನುವುದರ ನೆರಳು. ಇಂಗ್ಲಿಷಿನವರು ಅಟೆನ್ಷನ್ನನ್ನು ‘ಪೇ’ ಮಾಡುತ್ತಾರೆ, ದುಡ್ಡಿನ ಹಾಗೆ. ಕಾನ್ಸಂಟ್ರೇಷನ್ನನ್ನು ಯಾರಿಗೂ ಕೊಡುವುದಿಲ್ಲ.

ಬೆಂಚಿನ ಮೇಲಿನ ಬೆಂಗಳೂರಿಗ
ಮೇಷ್ಟ್ರೇ, ನನ್ನ ಇಂಗ್ಲಿಷ್ ಟೀಚರ್ ಹೀಗೆ ಹೇಳಿಕೊಟ್ಟಿದ್ದರೆ ನಾನು ಈ ಬೆಂಚಿನ ಮೇಲೆ ಇರುತ್ತಿರಲಿಲ್ಲ. ಬೆಂಚ್‌ನ ‘ಆನ್’ ಯಾವ ಗುಂಪು?

ಹಾಸನದ ಇಂಗ್ಲಿಷ್ ಮೇಷ್ಟ್ರು
ಅದು ಬೆವರಿಲ್ಲದ ‘ಆನ್’.

ಇಬ್ಬರ ಅಮ್ಮ
ನಗುವವರ ನಡುವೆ ಒಂದು ಗಂಭೀರ ಮಾತು. ನನ್ನ ದೊಡ್ಡ ಮಗನ ಕಾರ್ಡಿನಲ್ಲಿ ಮೂರು ವರ್ಷ ಸತತವಾಗಿ ‘ಈಸಿಲಿ ಡಿಸ್ಟ್ರಾಕ್ಟೆಡ್’ ಅಂತಿತ್ತು. ಮನೆಗೆ ಬಂದ ನೆಂಟರೆಲ್ಲ ಓದುತ್ತಿದ್ದರು. ಕೊನೆಗೆ ಅವನೇ ‘ನಾನು ಈಸಿಲಿ ಡಿಸ್ಟ್ರಾಕ್ಟೆಡ್’ ಅಂತ ಊರಿನ ಹೆಸರು ಹೇಳುವ ಹಾಗೆ ಹೇಳಲು ಶುರು ಮಾಡಿದ. ಆ ಪದದಿಂದ ನಾವು ಏನು ಮಾಡಬೇಕು ಅಂತ ಒಂದು ದಿನವೂ ತಿಳಿಯಲಿಲ್ಲ.

ನಾಲ್ಕನೇ ವರ್ಷ ಹೊಸ ಟೀಚರ್ ಬಂದರು. ಅವರು ಬರೆದದ್ದು ಬಹಳ ಸಾದಾ ಇಂಗ್ಲಿಷ್. ಹತ್ತು ನಿಮಿಷ ಚೆನ್ನಾಗಿ ಕೆಲಸ ಮಾಡುತ್ತಾನೆ, ಆಮೇಲೆ ಎದ್ದು ಓಡಾಡಬೇಕು, ಮತ್ತೆ ಬಂದು ಕೂರುತ್ತಾನೆ ಅಂತ. ಅವತ್ತಿನಿಂದ ಮನೆಯಲ್ಲಿ ಹತ್ತು ನಿಮಿಷದ ಲೆಕ್ಕ ಇಟ್ಟೆವು. ಹತ್ತು ಹನ್ನೆರಡಾಯಿತು, ಹದಿನೈದಾಯಿತು. ಆ ಸಾಲಿನಲ್ಲಿ ಒಂದೂ ದೊಡ್ಡ ಪದ ಇರಲಿಲ್ಲ.

ಇನ್ನೊಂದು, ‘ಇನ್‌ಅಟೆಂಟಿವ್’ ಅಂತ ಸುಮ್ನೆ ಬರೆಯಬೇಡಿ. ಅದು ಎಡಿಎಚ್‌ಡಿಯ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಒಂದು ಬಗೆಯ ಹೆಸರಿನಲ್ಲೇ ಇದೆ. ವೈದ್ಯರು ಅಷ್ಟು ಸುಲಭವಾಗಿ ಆ ಮಾತು ಹೇಳುವುದಿಲ್ಲ. ಲಕ್ಷಣಗಳು ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮುಂಚೆಯೇ ಕಂಡಿರಬೇಕು, ಶಾಲೆ ಒಂದರಲ್ಲೇ ಅಲ್ಲ, ಮನೆಯಲ್ಲೋ ಬೇರೆ ಕಡೆಯೋ ಕೂಡ ಕಾಣಬೇಕು. ಕಾರ್ಡಿನ ಎರಡು ಇಂಚಿನ ಖಾನೆಯಲ್ಲಿ ಮುಗಿಸುವ ವಿಷಯ ಅಲ್ಲ.

ಲೀಡ್ಸಿನ ನರ್ಸಕ್ಕ
ನೂರಕ್ಕೆ ನೂರು. ಮತ್ತೆ, ಆ ತೊಂದರೆ ಇರುವ ಮಕ್ಕಳು ಇಷ್ಟದ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗಿಹೋಗುವುದೂ ಉಂಟು. ಅದಕ್ಕೆ ‘ಹೈಪರ್‌ಫೋಕಸ್’ ಅನ್ನುತ್ತಾರೆ. ಹಾಗಾಗಿ ‘ಚಿತ್ರ ಬರೆಯುವಾಗ ಕೂರುತ್ತಾನಲ್ಲ, ಲೆಕ್ಕಕ್ಕೆ ಯಾಕೆ ಕೂರಲ್ಲ, ಬರೀ ಸೊಕ್ಕು’ ಅಂತ ಬೈಯುವುದು ನ್ಯಾಯ ಅಲ್ಲ.

ಧಾರವಾಡ ಫೇಡೆ
‘ಸಾವಧಾನ’ದ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮ ಪಿಟಿ ಸರ್ ‘ಸಾವಧಾನ್, ವಿಶ್ರಾಮ್’ ಅಂತ ಹಿಂದಿಯಲ್ಲಿ ಕೂಗುತ್ತಿದ್ದರು. ಇಂಗ್ಲಿಷಿನ ‘ಅಟೆನ್ಷನ್’ ಬದಲು. ಸೆಟೆದು ನಿಲ್ಲಬೇಕು. ಮನೆಗೆ ಬಂದರೆ ಅಜ್ಜಿ ‘ಸಾವಧಾನ ಉಣ್ಣು, ಯಾರೂ ಬೆನ್ನು ಹತ್ತಿಲ್ಲ’ ಅನ್ನುತ್ತಿದ್ದಳು. ಅಲ್ಲಿ ಅದೇ ಪದಕ್ಕೆ ನಿಧಾನ ಅಂತ ಅರ್ಥ. ಮದುವೆಯಲ್ಲಿ ‘ಸುಮುಹೂರ್ತೇ ಸಾವಧಾನ’ ಅಂತ ಭಟ್ಟರು ಹೇಳಿದಾಗ ಯಾವುದು ಅಂತ ಇವತ್ತಿಗೂ ಗೊಂದಲ. ಮುಹೂರ್ತ ಬಂತು ಎಚ್ಚರವಾಗಿರಪ್ಪಾ ಅಂತಲೋ, ಇನ್ನೊಮ್ಮೆ ನಿಧಾನವಾಗಿ ಯೋಚಿಸು ಅಂತಲೋ!

ಪದಕೋಶದ ಹುಳು
ಮೂಲ ಅರ್ಥ ‘ಅವಧಾನದಿಂದ’, ಅಂದರೆ ಗಮನವಿಟ್ಟು. ಗಮನವಿಟ್ಟು ಮಾಡುವವನು ಅವಸರ ಮಾಡುವುದಿಲ್ಲ, ಹಾಗೆ ಕನ್ನಡದಲ್ಲಿ ‘ನಿಧಾನ’ಕ್ಕೆ ಸರಿದಿದೆ. ಇಂಗ್ಲಿಷಿನಲ್ಲಿ ಗಮನದ ಪದ ಹೀಗೆ ನಿಧಾನವಾದದ್ದು ನನಗೆ ಸಿಕ್ಕಿಲ್ಲ. ಅವರದು ಬಿಗಿಯಾಗುತ್ತದೆ. ‘ಅಟೆನ್ಷನ್’ ಒಳಗಿರುವ ಮೂಲ ಪದವೇ ‘ಟೆನ್ಷನ್’ ಒಳಗೂ ಇದೆ.

ಅವಧಾನ ಅಂದಾಗ ಅಷ್ಟಾವಧಾನ ನೆನಪಾಯಿತು. ಅದಕ್ಕೆ ಇಂಗ್ಲಿಷಿನಲ್ಲಿ ‘ಕಾನ್ಸಂಟ್ರೇಷನ್’ ಅಂದರೆ ಸರಿಹೋಗುವುದೇ ಇಲ್ಲ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು. ಉತ್ತರ ಕೊಡುವ ಅವಧಾನಿ ಒಬ್ಬರೇ. ಒಬ್ಬರು ಪದ್ಯದ ಒಂದೊಂದು ಅಕ್ಷರಕ್ಕೂ ‘ಆ ಅಕ್ಷರ ಬೇಡ’ ಅಂತ ತಡೆಯುತ್ತಾರೆ, ಅದು ನಿಷೇಧಾಕ್ಷರಿ. ಒಬ್ಬರು ವಿಚಿತ್ರ ಸಾಲು ಕೊಟ್ಟು ಪದ್ಯ ಪೂರ್ತಿ ಮಾಡಿ ಅನ್ನುತ್ತಾರೆ. ಒಬ್ಬರು ನಡುನಡುವೆ, ಯಾವ ಸಾಲು ಕೂಡಿದರೂ ಒಂದೇ ಮೊತ್ತ ಬರುವ ಚೌಕದ ಯಾವುದೋ ಮನೆಯ ಸಂಖ್ಯೆ ಕೇಳುತ್ತಾರೆ. ಇದರ ಮಧ್ಯೆ ಅಪ್ರಸ್ತುತ ಪ್ರಸಂಗಿ ಅಂತ ಒಬ್ಬರು ಇರುತ್ತಾರೆ. ಅವರ ಕೆಲಸವೇ ಸಂಬಂಧವಿಲ್ಲದ ಪ್ರಶ್ನೆ ಕೇಳಿ ಗಮನ ಕೆಡಿಸುವುದು. ಅವಧಾನಿ ಅವರಿಗೂ ನಗುನಗುತ್ತಾ ಉತ್ತರ ಕೊಡಬೇಕು, ಕಾಗದ ಪೆನ್ ಮುಟ್ಟದೆ ಎಲ್ಲ ಪದ್ಯವನ್ನೂ ಕೊನೆಗೆ ಒಪ್ಪಿಸಬೇಕು. ಶತಾವಧಾನಿ ಗಣೇಶರ ಕಾರ್ಯಕ್ರಮ ನೋಡಿದವರಿಗೆ ಗೊತ್ತು, ಜನ ಜಾಸ್ತಿ ನಗುವುದು ಈ ಗಮನ ಕೆಡಿಸುವವರು ಬಾಯಿ ತೆರೆದಾಗಲೇ.

ಮನಶ್ಶಾಸ್ತ್ರದ ಪುಸ್ತಕದಲ್ಲಿ ಇದು ‘ಡಿವೈಡೆಡ್ ಅಟೆನ್ಷನ್’. ಮಾತಿನ ಇಂಗ್ಲಿಷಿನಲ್ಲಿ ಹೊಗಳಿಕೆ ಅಂದರೆ ‘ಅನ್‌ಡಿವೈಡೆಡ್’. ಒಡೆದ ಗಮನ ಅಲ್ಲಿ ಬೈಗುಳ, ನಮ್ಮಲ್ಲಿ ಅದನ್ನು ಎಂಟು ಪಾಲು ಮಾಡಿದರೆ ಶಾಲು ಹೊದಿಸುತ್ತೇವೆ.

ಬೆಂಚಿನ ಮೇಲಿನ ಬೆಂಗಳೂರಿಗ
ಹಾಗಾದರೆ ಈ ಚರ್ಚೆಯ ಅಪ್ರಸ್ತುತ ಪ್ರಸಂಗಿ ನಾನೇ.

ಆದರೆ ಒಂದು ಪ್ರಸ್ತುತ ವಿಷಯ ಹೇಳುತ್ತೇನೆ. 1999ರ ಗೊರಿಲ್ಲಾ ಪ್ರಯೋಗ ಎಷ್ಟು ಜನ ನೋಡಿದ್ದೀರಿ? ಸೈಮನ್ಸ್ ಮತ್ತು ಶಾಬ್ರಿ ಅನ್ನುವವರು ಮಾಡಿದ್ದು. ಬಿಳಿ ಶರ್ಟಿನವರು ಎಷ್ಟು ಸಲ ಚೆಂಡು ಕೊಟ್ಟುಕೊಳ್ಳುತ್ತಾರೆ ಅಂತ ಎಣಿಸಬೇಕು. ನಡುವೆ ಗೊರಿಲ್ಲಾ ವೇಷದವರು ಬಂದು ಎದೆ ಬಡಿದುಕೊಂಡು ಹೋಗುತ್ತಾರೆ. ಸುಮಾರು ಅರ್ಧ ಜನಕ್ಕೆ ಅದು ಕಾಣಲೇ ಇಲ್ಲ. ಟ್ರೈನಿಂಗಿನಲ್ಲಿ ನಮಗೂ ತೋರಿಸಿದರು. ನಾನು ಎಣಿಕೆ ಸರಿಯಾಗಿ ಹೇಳಿದೆ, ಗೊರಿಲ್ಲಾ ನೋಡಲಿಲ್ಲ. ಪಕ್ಕದವನು ಗೊರಿಲ್ಲಾ ನೋಡಿದ, ಎಣಿಕೆ ತಪ್ಪಿದ. ಇಬ್ಬರಲ್ಲಿ ಯಾರಿಗೆ ಗಮನ ಇತ್ತು ಅಂತ ಊಟದ ಹೊತ್ತಿನವರೆಗೂ ಜಗಳ ಆಡಿದೆವು. ಮೇಡಂ ಅವರ ಮೂರನೆಯ ಹುಡುಗ ಖಂಡಿತ ಗೊರಿಲ್ಲಾ ನೋಡುತ್ತಿದ್ದ.

ಹಾಸನದ ಇಂಗ್ಲಿಷ್ ಮೇಷ್ಟ್ರು
ಗೊರಿಲ್ಲಾ ಕಂಡವನಿಗೆ ಪದ ‘ಅಬ್ಸರ್ವಂಟ್’. ಎಣಿಕೆ ತಪ್ಪದವನಿಗೆ ‘ಫೋಕಸ್ಡ್’. ‘ಅಟೆಂಟಿವ್’ ಅಂದರೆ ಎದುರಿನವರ ಕಡೆ ಕಾಳಜಿಯೂ ಸ್ವಲ್ಪ ಸೇರಿರುತ್ತದೆ. ಊಟಕ್ಕೆ ಕೂತಾಗ ಸಾರು ಮುಗಿಯುವ ಮುಂಚೆ ಬಂದು ಬಡಿಸುವವನು ಅಟೆಂಟಿವ್. ಅವನನ್ನು ಫೋಕಸ್ಡ್ ಅಂದರೆ ಹೆದರಿಕೆಯಾಗುತ್ತದೆ.

‘ಡಿಲಿಜೆಂಟ್’ ಅನ್ನು ಜನ ಗಮನಕ್ಕೆ ಬಳಸುತ್ತಾರೆ, ಅದು ಶ್ರಮಕ್ಕೆ. ‘ಮೆಟಿಕ್ಯುಲಸ್’ ಸಣ್ಣಪುಟ್ಟದ್ದನ್ನೂ ಬಿಡದವನಿಗೆ. ಮೂಲದಲ್ಲಿ ಅದಕ್ಕೆ ಪುಕ್ಕಲು ಅಂತ ಅರ್ಥ, ನಾಲ್ಕನೇ ಕ್ಲಾಸಿಗೆ ಬೇಡ.

‘ರ್‍ಯಾಪ್ಟ್ ಅಟೆನ್ಷನ್’ ಬರೆಯುವಾಗ ಎಚ್ಚರ. ಪೇಪರಿನಲ್ಲಿ ಸುತ್ತುವ ‘ರ್‍ಯಾಪ್’ ಅಲ್ಲ. ಸ್ಪೆಲಿಂಗ್ ‘ಆರ್’ನಿಂದ ಶುರು. ದೋಚಿಕೊಂಡು ಹೋಗುವುದು ಅಂತ ಮೂಲ ಅರ್ಥ. ಕನ್ನಡದ ‘ಮನಸೂರೆ’ಯ ‘ಸೂರೆ’ಯೂ ಲೂಟಿಯೇ. ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ. ಭಾಗವತರ ಪದಕ್ಕೆ ಬೆಳಗಿನ ಜಾವದ ತನಕ ಬಾಯಿಬಿಟ್ಟು ಕೂತವರಿಗೆ ಇದು ಸರಿ.

ಪದಕೋಶದ ಹುಳು
‘ಎನ್‌ಗ್ರೋಸ್’ ಕೂಡ ಸ್ವಲ್ಪ ಲೂಟಿಯೇ. ಮಾಲನ್ನೆಲ್ಲ ಸಗಟಾಗಿ ಒಬ್ಬನೇ ಕೊಂಡುಬಿಡುವುದು ಅನ್ನುವುದು ಹಳೆಯ ಅರ್ಥ. ಕಿರಾಣಿಯ ‘ಗ್ರೋಸರ್’ ಅದೇ ಮನೆತನ. ಮನಸ್ಸೆಂಬ ಅಂಗಡಿಯನ್ನು ಒಂದೇ ಗಿರಾಕಿ ಪೂರ್ತಿ ಕೊಂಡ ಹಾಗೆ.

ಸಿಟ್ಟಿನ ಸೀನ
ಸಿಟ್ಟು ಇಳಿಯಿತು. ‘ಮೈಂಡ್‌ಫುಲ್’ ಬಗ್ಗೆಯೂ ಹೇಳಿಬಿಡಿ. ನಮ್ಮ ಆಫೀಸಿನಲ್ಲಿ ಬುಧವಾರ ಬುಧವಾರ ಮೈಂಡ್‌ಫುಲ್‌ನೆಸ್ ಕ್ಲಾಸ್, ಎಲ್ಲರೂ ಕಣ್ಣು ಮುಚ್ಚಿ ಟಾರ್ಗೆಟ್ ನೆನೆಯುತ್ತೇವೆ.

ಪದಕೋಶದ ಹುಳು
ಅದರ ಹಿಂದೆ ಇರುವುದು ಪಾಲಿ ಭಾಷೆಯ ‘ಸತಿ’, ಸಂಸ್ಕೃತದ ‘ಸ್ಮೃತಿ’. ನೆನಪು ಅಂತ. ಬುದ್ಧನ ಅಷ್ಟಾಂಗ ಮಾರ್ಗದ ‘ಸಮ್ಮಾ ಸತಿ’ಯನ್ನು ರೈಸ್ ಡೇವಿಡ್ಸ್ 1881ರಲ್ಲಿ ‘ರೈಟ್ ಮೈಂಡ್‌ಫುಲ್‌ನೆಸ್’ ಅಂತ ಇಂಗ್ಲಿಷಿಗೆ ತಂದರು. ಮುಂದೆ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಜಾನ್ ಕಬಟ್ ಝಿನ್ ನೋವು, ಒತ್ತಡದ ರೋಗಿಗಳಿಗೆ ಅದನ್ನು ಆಸ್ಪತ್ರೆಯ ಕ್ಲಾಸ್ ಮಾಡಿದರು. ಅಲ್ಲಿಂದ ನಿಮ್ಮ ಬುಧವಾರಕ್ಕೆ ಬಂತು. ಟಾರ್ಗೆಟ್ ನೆನೆಯುವುದೂ ನೆನಪೇ, ತಪ್ಪೇನಿಲ್ಲ.

ಲೀಡ್ಸಿನ ನರ್ಸಕ್ಕ
ಇಲ್ಲಿನವರ ‘ಮೈಂಡ್’ ಇನ್ನೂ ಸರಳ. ಲಂಡನ್ ಮೆಟ್ರೋದಲ್ಲಿ 1968ರಿಂದ ಕೂಗುತ್ತಿದ್ದಾರೆ, ‘ಮೈಂಡ್ ದ ಗ್ಯಾಪ್’. ಸಂದು ನೋಡ್ಕೊಂಡು ಇಳೀರಿ ಅಂತ. ಧ್ಯಾನ ಗೀನ ಏನಿಲ್ಲ.

ಮಲೆನಾಡ ಮೇಡಂ (ಸೋಮವಾರ ರಾತ್ರಿ)
ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ? ಎರಡು ರಾತ್ರಿ ಕೂತು 19 ಕಾರ್ಡೂ ಹೊಸದಾಗಿ ಬರೆದೆ. ಮೇಷ್ಟ್ರು ಹೇಳಿದ ಹಾಗೆ ಮೊದಲು ಕನ್ನಡದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡೆ. ಇಬ್ಬರ ಅಮ್ಮ ಹೇಳಿದ ಹಾಗೆ ದೊಡ್ಡ ಪದ ಕಡಿಮೆ ಮಾಡಿದೆ. ಐದು ಕಾರ್ಡಿನಲ್ಲಿ ಗಮನದ ಮಾತೇ ಬೇಕಿರಲಿಲ್ಲ, ಆ ಮಕ್ಕಳಿಗೆ ಗುಣಾಕಾರ ಬರುವುದಿಲ್ಲ ಅಷ್ಟೇ. ನಾನು ಅದನ್ನು ಗಮನದ ತಲೆಗೆ ಕಟ್ಟಿದ್ದೆ.

ಜೆಸಿಬಿ ಹುಡುಗನಿಗೆ: ‘ಗೆಟ್ಸ್ ಕಂಪ್ಲೀಟ್ಲಿ ಅಬ್ಸಾರ್ಬ್ಡ್ ಇನ್ ಡ್ರಾಯಿಂಗ್. ಎ ಟ್ಯಾಪ್ ಆನ್ ದ ಶೋಲ್ಡರ್ ವರ್ಕ್ಸ್ ಬೆಟರ್ ದ್ಯಾನ್ ಕಾಲಿಂಗ್ ಹಿಸ್ ನೇಮ್.’ ಇವತ್ತು ಭುಜ ತಟ್ಟಿ ನೋಡಿದೆ, ನಿಜವಾಗಿಯೂ ಕೆಲಸ ಮಾಡುತ್ತದೆ.

ಮೊದಲನೆಯ ಹುಡುಗಿಗೆ ಗಮನದ ಬಗ್ಗೆ ಏನೂ ಬರೆದಿಲ್ಲ. ಮುಂದಿನ ಬೆಂಚಿಗೆ ಕೂರಿಸಿದ್ದೇನೆ. ಅವಳ ತಾಯಿ ಗುರುವಾರ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಮನೆಯಲ್ಲಿ ಟಿವಿ ಸೌಂಡ್ ಜಾಸ್ತಿ ಇಡುತ್ತಾಳೆ ಅಂತ ಬೈಯುತ್ತಿದ್ದರಂತೆ.

ಮೂರನೆಯವನಿಗೆ: ‘ವೆರಿ ಅಬ್ಸರ್ವಂಟ್. ನೋಟಿಸಸ್ ಥಿಂಗ್ಸ್ ದ ರೆಸ್ಟ್ ಆಫ್ ಅಸ್ ಮಿಸ್. ಲರ್ನಿಂಗ್ ಟು ಸ್ಟೇ ವಿತ್ ಒನ್ ಥಿಂಗ್.’ ಇನ್ನೊಬ್ಬ ಹುಡುಗಿಗೂ ಅಬ್ಸರ್ವಂಟ್ ಅಂತ ಬರೆದಿದ್ದೇನೆ, ಅವಳು ಹಕ್ಕಿ ನೋಡುವವಳು.

ಮಲೆನಾಡ ಮೇಡಂ (ಮಂಗಳವಾರ ಸಂಜೆ)
ಕಾರ್ಡ್ ಕೊಟ್ಟು ಹತ್ತು ನಿಮಿಷ ಆಗಿರಲಿಲ್ಲ. ಮೂರನೆಯ ಹುಡುಗ ಎರಡು ಕಾರ್ಡ್ ಹಿಡಿದುಕೊಂಡು ಟೇಬಲ್ ಹತ್ತಿರ ಬಂದ. ತನ್ನದು, ಆ ಹಕ್ಕಿ ಹುಡುಗಿಯದು. ‘ಮಿಸ್, ಇದೇ ಪದ ಅವಳದರಲ್ಲೂ ಇದೆ. ಅವಳದರಲ್ಲಿ ‘ವಿ’ ಆದಮೇಲೆ ‘ಎ’ ಇದೆ. ನನ್ನದರಲ್ಲಿ ‘ಇ’ ಇದೆ. ಯಾವುದು ಸರಿ?’

ಹಳೇ ಲೋಕೋ ಪೈಲಟ್
ತಿದ್ದಿಕೊಟ್ಟಿರಾ?

ಮಲೆನಾಡ ಮೇಡಂ
ತಿದ್ದಿದೆ ಸರ್. ತಿದ್ದಿದ ಜಾಗದ ಪಕ್ಕ ನನ್ನ ಸಹಿಯನ್ನೂ ಹಾಕಿಸಿಕೊಂಡು ಹೋದ.